ಪಿಎಸ್5, ಎಕ್ಸ್‌ಬಾಕ್ಸ್ ಮನೆಗೆ ಆರ್ಚರ್ ಸಿ6 ರೂಟರ್: ಯಾವ ಲ್ಯಾಗ್‌ಗೆ ಮದ್ದು, ಯಾವುದಕ್ಕಲ್ಲ

ಟಿಪಿ-ಲಿಂಕ್ ಆರ್ಚರ್ ಸಿ6, ಎರಡರಿಂದ ಮೂರು ಸಾವಿರ ರೂಪಾಯಿಗೆ ಸಿಗುವ ವೈಫೈ 5 ರೂಟರ್. ಕನ್ಸೋಲ್‌ನಲ್ಲಿ ಆಡುವವರು ಗಮನಿಸಬೇಕಾದದ್ದು ಅದರ ಆಂಟೆನಾಗಳನ್ನಲ್ಲ, ಬೆನ್ನಿನ ಪೋರ್ಟ್‌ಗಳನ್ನು: ಒಂದು ವ್ಯಾನ್ (ಇಂಟರ್ನೆಟ್ ಲೈನ್ ಒಳಬರುವುದು), ನಾಲ್ಕು ಲ್ಯಾನ್ (ಮನೆಯ ಸಾಧನಗಳಿಗೆ), ಐದೂ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್. ಆರ್ಚರ್ ಸಿ50 ನೋಡಲು ಹೆಚ್ಚೂಕಮ್ಮಿ ಇದರಂತೆಯೇ, ಬೆಲೆಯೂ ಕಡಿಮೆ. ಆದರೆ ಅದರ ಪೋರ್ಟ್‌ಗಳು 100 ಎಂಬಿಪಿಎಸ್‌ಗೇ ಮುಗಿಯುತ್ತವೆ. 200 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿಕೊಂಡು ಸಿ50 ತಂದರೆ ಅರ್ಧ ದುಡ್ಡು ದಂಡ.

ಕಾರ್ಡ್ ಉಜ್ಜುವ ಮೊದಲು ತೊಂದರೆ ಯಾವುದೆಂದು ಖಚಿತ ಮಾಡಿಕೊಳ್ಳಿ. ಪಿಎಸ್5ನಲ್ಲಿ ಸೆಟ್ಟಿಂಗ್ಸ್ > ನೆಟ್‌ವರ್ಕ್ > ಕನೆಕ್ಷನ್ ಸ್ಟೇಟಸ್‌ಗೆ ಹೋದರೆ ನ್ಯಾಟ್ ಟೈಪ್ ಕಾಣುತ್ತದೆ. ಒಂದೇ ಐಪಿಯನ್ನು (ಇಂಟರ್ನೆಟ್ ವಿಳಾಸ) ಮನೆಯ ಎಲ್ಲ ಸಾಧನಗಳಿಗೆ ರೂಟರ್ ಹಂಚುವ ವ್ಯವಸ್ಥೆಯೇ ನ್ಯಾಟ್. 2 ಇದ್ದರೆ ಸಾಕು. 1 ಬೇಕೆಂದು ಒದ್ದಾಡಬೇಕಿಲ್ಲ. 3 ಇದ್ದರೆ ಪಾರ್ಟಿ ಚಾಟ್‌ನಲ್ಲಿ ಕೆಲವರ ದನಿ ಕೇಳದಿರಬಹುದು, ಗೆಳೆಯರ ಲಾಬಿಗೆ (ಆಟಕ್ಕೆ ಮುನ್ನ ಎಲ್ಲರೂ ಕೂಡುವ ಜಾಗ) ಸೇರಲಾಗದಿರಬಹುದು. ಎಕ್ಸ್‌ಬಾಕ್ಸ್‌ನಲ್ಲಿ ಇದನ್ನೇ ಓಪನ್, ಮಾಡರೇಟ್, ಸ್ಟ್ರಿಕ್ಟ್ ಎನ್ನುತ್ತಾರೆ. ಲಾಬಿಗೆ ಸೇರಲಾಗದಿರುವುದು ಒಂದು ರೋಗ, ಆಟದ ನಡುವೆ ಜಗ್ಗುವುದು ಇನ್ನೊಂದು. ಎರಡಕ್ಕೂ ಒಂದೇ ಔಷಧಿಯಿಲ್ಲ.

ನ್ಯಾಟ್ ಕೆಟ್ಟಿದ್ದರೆ ಬ್ರೌಸರ್‌ನಲ್ಲಿ ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು ವ್ಯಾನ್ ಐಪಿ (ಹೊರಗಿನ ಲೈನಿನಿಂದ ರೂಟರ್‌ಗೆ ಸಿಕ್ಕ ವಿಳಾಸ) ನೋಡಿ. ಅದು 192.168ರಿಂದ ಶುರುವಾದರೆ, ಫೈಬರ್ ಕಂಪನಿ ಕೊಟ್ಟ ಓಎನ್‌ಟಿ ಡಬ್ಬಿಯೂ ರೂಟರ್ ಕೆಲಸವನ್ನೇ ಮಾಡುತ್ತಿದೆ ಎಂದರ್ಥ: ಡಬಲ್ ನ್ಯಾಟ್. 100.64ರಿಂದ 100.127ರೊಳಗಿನ ವಿಳಾಸವಾದರೆ ಸಿಜಿನ್ಯಾಟ್, ಅಂದರೆ ಕಂಪನಿಯವರು ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ. 10ರಿಂದ ಶುರುವಾದರೆ ಎರಡರಲ್ಲಿ ಯಾವುದಾದರೂ ಇರಬಹುದು. ಓಎನ್‌ಟಿ ಪುಟದಲ್ಲಿರುವ ವ್ಯಾನ್ ವಿಳಾಸವನ್ನೂ ನೋಡಿಯೇ ತೀರ್ಮಾನಿಸಬೇಕು.

ಡಬಲ್ ನ್ಯಾಟ್‌ಗೆ ಸಿ6ನಲ್ಲಿ ಎರಡು ದಾರಿ. ಸುಲಭದ್ದು ಆಪರೇಷನ್ ಮೋಡ್‌ನಲ್ಲಿ ಆಕ್ಸೆಸ್ ಪಾಯಿಂಟ್ ಆರಿಸುವುದು. ಆಗ ರೂಟಿಂಗ್ ಎಲ್ಲ ಓಎನ್‌ಟಿಯ ಪಾಲಿಗೆ ಬರುವುದರಿಂದ ಯುಪಿಎನ್‌ಪಿಯನ್ನೂ (ಕನ್ಸೋಲ್ ತನಗೆ ಬೇಕಾದ ಪೋರ್ಟ್‌ಗಳನ್ನು ತಾನೇ ತೆರೆಸಿಕೊಳ್ಳುವ ಸೌಲಭ್ಯ) ಅಲ್ಲೇ ಆನ್ ಮಾಡಬೇಕು, ಸಿ6ನ ಕ್ಯೂಒಎಸ್ (ಯಾವ ಸಾಧನಕ್ಕೆ ಮೊದಲ ಆದ್ಯತೆ ಎಂದು ಹೇಳುವ ಸೌಲಭ್ಯ) ಮಾತ್ರ ಕೈಬಿಡಬೇಕು. ಇನ್ನೊಂದು, ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟಿಂಗ್ ಬಿಟ್ಟು ಲೈನನ್ನಷ್ಟೇ ದಾಟಿಸುವುದು) ಹಾಕಿಸಿ ಪಿಪಿಪಿಒಇ (ಕಂಪನಿಯ ಲೈನಿಗೆ ಲಾಗಿನ್ ಆಗುವ) ಯೂಸರ್‌ನೇಮ್, ಪಾಸ್‌ವರ್ಡ್ ಅನ್ನು ಸಿ6ನಲ್ಲೇ ತುಂಬುವುದು. ಗೇಮಿಂಗ್‌ಗೆ ಇದೇ ವಾಸಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ವಿಲ್ಯಾನ್ ಐಡಿಯನ್ನೂ (ಕಂಪನಿ ತನ್ನ ಲೈನಿನಲ್ಲಿ ಇಂಟರ್ನೆಟ್‌ಗೆ ಇಟ್ಟ ಸಂಖ್ಯೆ) ಮರೆಯದೆ ಕೇಳಿ. ಪಾಸ್‌ವರ್ಡ್ ಸರಿಯಿದ್ದರೂ ಡಯಲ್ ಆಗದಿರುವುದಕ್ಕೆ ಬಹಳ ಸಲ ಅದೇ ಕಾರಣ. ಆ ಸಂಖ್ಯೆ ಹಾಕುವ ಜಾಗ ಸಿ6ನಲ್ಲಿ ಇಂಟರ್ನೆಟ್ ಪುಟದಲ್ಲಿಲ್ಲ, ಐಪಿಟಿವಿ ಪುಟದಲ್ಲಿದೆ. ಅಲ್ಲಿಟ್ಟರೆ ಯಾರು ತಾನೇ ಹುಡುಕುತ್ತಾರೆ! ಓಎನ್‌ಟಿಗೆ ಲ್ಯಾಂಡ್‌ಲೈನ್ ಜೋಡಿಸಿದ್ದರೆ, ಬ್ರಿಡ್ಜ್ ಆದಮೇಲೂ ಅದು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಯುಪಿಎನ್‌ಪಿ ಇರುವುದು ಅಡ್ವಾನ್ಸ್ಡ್ > ನ್ಯಾಟ್ ಫಾರ್ವರ್ಡಿಂಗ್‌ನಲ್ಲಿ. ಆನ್ ಮಾಡಿ ಕನ್ಸೋಲನ್ನು ಪೂರ್ತಿ ಆಫ್ ಮಾಡಿ ಹಚ್ಚಿ. ರೆಸ್ಟ್ ಮೋಡ್‌ನಿಂದ ಎಬ್ಬಿಸಿದರೆ ಸಾಲದು. ಆಮೇಲೂ 3 ಎಂದೇ ತೋರಿಸಿದರೆ ಅಡ್ರೆಸ್ ರಿಸರ್ವೇಶನ್‌ನಲ್ಲಿ ಕನ್ಸೋಲ್‌ಗೆ ಒಂದು ಐಪಿ ಕಾಯಂ ಮಾಡಿ, ಪಿಎಸ್5ಗಾದರೆ ಟಿಸಿಪಿ 1935, 3478ರಿಂದ 3480 ಮತ್ತು ಯುಡಿಪಿ 3074, 3478, 3479 ಪೋರ್ಟ್‌ಗಳನ್ನು (ಇವು ಬೆನ್ನಿನ ತೂತುಗಳಲ್ಲ, ಸಂಪರ್ಕದ ಸಂಖ್ಯೆಗಳು; ಟಿಸಿಪಿ, ಯುಡಿಪಿ ಅದರ ಎರಡು ಬಗೆ) ಆ ಐಪಿಗೆ ಫಾರ್ವರ್ಡ್ ಮಾಡಿ. ಮನೆಯಲ್ಲಿ ಎರಡು ಕನ್ಸೋಲ್ ಇದ್ದರೆ ಈ ಕೈಕೆಲಸ ಬೇಡ. ಹೊರಗಿನ ಒಂದು ಪೋರ್ಟ್ ಒಂದೇ ಯಂತ್ರಕ್ಕೆ ಹೋಗುತ್ತದೆ; 3074 ಒಂದಕ್ಕೆ ಕಟ್ಟಿದರೆ ಇನ್ನೊಂದರ ಗತಿ ಕೆಡುತ್ತದೆ. ಯುಪಿಎನ್‌ಪಿಗೆ ಬಿಟ್ಟುಬಿಡಿ, ಎಕ್ಸ್‌ಬಾಕ್ಸ್ ಇದ್ದರೆ ಅದರ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಆಲ್ಟರ್ನೇಟ್ ಪೋರ್ಟ್ ಆರಿಸಿ. ಡಿಎಂಝಡ್ (ಹೊರಗಿನ ಎಲ್ಲ ಪೋರ್ಟ್‌ಗಳನ್ನೂ ಒಂದು ಯಂತ್ರಕ್ಕೆ ತೆರೆದಿಡುವುದು) ಹಾಕಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಹಾಕುವುದಾದರೆ ಕನ್ಸೋಲ್‌ನ ಐಪಿಗೆ ಮಾತ್ರ. ನಾಳೆ ಅದೇ ಐಪಿ ಲ್ಯಾಪ್‌ಟಾಪ್‌ಗೆ ಹೋದರೆ ಬಾಗಿಲು ತೆರೆದಿಟ್ಟಂತೆ.

ಸಿಜಿನ್ಯಾಟ್ ಇದ್ದರೆ ಇದ್ಯಾವುದೂ ನಾಟದು. ಸಿ6 ಇರಲಿ, ಮೂವತ್ತು ಸಾವಿರದ ಕೆಂಪು ದೀಪದ ಗೇಮಿಂಗ್ ರೂಟರ್ ಇರಲಿ, ಫಲ ಒಂದೇ. ಕಂಪನಿಯಿಂದ ಪಬ್ಲಿಕ್ ಅಥವಾ ಸ್ಟ್ಯಾಟಿಕ್ ಐಪಿ ಕೇಳಿ, ಸಾಮಾನ್ಯವಾಗಿ ಅದಕ್ಕೆ ಬೇರೆ ಶುಲ್ಕವಿರುತ್ತದೆ. ಎಕ್ಸ್‌ಬಾಕ್ಸ್ ಐಪಿವಿ6 (ನ್ಯಾಟ್ ಬೇಡದ ಹೊಸ ವಿಳಾಸ ಪದ್ಧತಿ) ಬಳಸಬಲ್ಲದು, ಹಾಗಾಗಿ ಲೈನಿನಲ್ಲಿ ಅದಿದ್ದರೆ ರೂಟರ್‌ನಲ್ಲಿ ಆನ್ ಆಗಿದೆಯೇ ನೋಡಿ. ಖರ್ಚಿಲ್ಲದ ಉಪಾಯ.

ಇನ್ನು ಜಗ್ಗುವ ಆಟ. ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ಜೋಡಿಸಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಗೂಗಲ್‌ನ 8.8.8.8 ಸರ್ವರ್‌ಗೆ ನಿರಂತರ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತೆಂದು ತೋರಿಸುವ ಆಜ್ಞೆ) ಬಿಟ್ಟು, ಮನೆಯ ಇನ್ನೊಬ್ಬರಿಗೆ ದೊಡ್ಡ ವಿಡಿಯೋ ಒಂದನ್ನು ಕ್ಲೌಡ್‌ಗೆ ಅಪ್‌ಲೋಡ್ ಮಾಡಲು ಹೇಳಿ. 10–15 ಮಿಲಿಸೆಕೆಂಡ್ ಇದ್ದದ್ದು 150 ದಾಟಿದರೆ ಅದು ಬಫರ್‌ಬ್ಲೋಟ್: ರೂಟರ್ ಅಥವಾ ಓಎನ್‌ಟಿಯಲ್ಲಿ ಪ್ಯಾಕೆಟ್‌ಗಳು ಸಾಲುಗಟ್ಟಿ ಕಾಯುತ್ತಿವೆ. ಸ್ಪೀಡ್ ಟೆಸ್ಟ್ ಚೆನ್ನಾಗಿ ಬರುವ ಮನೆಗಳಲ್ಲೂ ಇದು ಸಾಮಾನ್ಯ. ಕ್ಯೂಒಎಸ್‌ನಲ್ಲಿ ಅಳೆದ ವೇಗದ ಶೇ. 85–90ರಷ್ಟನ್ನು ಅಪ್‌ಲೋಡ್, ಡೌನ್‌ಲೋಡ್ ಮಿತಿಯಾಗಿ ನಮೂದಿಸಿ, ಕನ್ಸೋಲ್‌ಗೆ ಮೇಲಿನ ಆದ್ಯತೆ ಕೊಡಿ. ಸಿ6 ಸೋಲುವುದೂ ಇಲ್ಲೇ: ಇದರ ಕ್ಯೂಒಎಸ್ ಒರಟು, ಟಿಪಿ-ಲಿಂಕ್ ಕೊಡುವ ಫರ್ಮ್‌ವೇರ್‌ನಲ್ಲಿ (ರೂಟರ್ ಒಳಗಿನ ಸಾಫ್ಟ್‌ವೇರ್) ಎಸ್‌ಕ್ಯೂಎಂ (ಪ್ಯಾಕೆಟ್‌ಗಳ ಸಾಲನ್ನು ಚಿಕ್ಕದಾಗಿಡುವ ವ್ಯವಸ್ಥೆ) ಇಲ್ಲ, ವೇಗದ ಪ್ಲ್ಯಾನ್‌ಗಳಲ್ಲಿ ಕ್ಯೂಒಎಸ್ ಹಚ್ಚಿದರೆ ಒಟ್ಟು ವೇಗವೂ ಇಳಿಯಬಹುದು. ಕೆಲವು ಹಾರ್ಡ್‌ವೇರ್ ಆವೃತ್ತಿಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹಾಕಬಹುದು, ಆದರೆ ತಳದ ಲೇಬಲ್‌ನಲ್ಲಿರುವ ವರ್ಷನ್ ಓದದೆ ಫ್ಲ್ಯಾಶ್ ಮಾಡಿದರೆ ರೂಟರ್ ಕೆಲಸಕ್ಕೆ ಬಾರದ ಇಟ್ಟಿಗೆಯಾಗಬಹುದು.

ವೈಫೈನಲ್ಲೇ ಆಡುವುದಾದರೆ ಸ್ಮಾರ್ಟ್ ಕನೆಕ್ಟ್ (ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿಡುವುದು) ಆಫ್ ಮಾಡಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರಿಡಿ. ನಡುವೆ ಎರಡು ಗೋಡೆಗಿಂತ ಹೆಚ್ಚಿದ್ದರೆ ಕೇಬಲ್ ಎಳೆಸಿ. ಕ್ಯಾಟ್ 5ಇ ಧಾರಾಳ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಸಾಗುತ್ತದೆ. ತಾಮ್ರ ಬಳಿದ ಅಲ್ಯೂಮಿನಿಯಂ ತಂತಿ ಅಗ್ಗ ಎಂದು ಕೊಂಡುಕೊಳ್ಳಬೇಡಿ. ಎಷ್ಟೇ ದೊಡ್ಡ ಪ್ಲ್ಯಾನ್ ಇದ್ದರೂ ಸ್ಪೀಡ್ ಟೆಸ್ಟ್ 94 ಎಂಬಿಪಿಎಸ್ ಆಸುಪಾಸಿಗೆ ನಿಂತರೆ, ಬಹುಶಃ ಕೇಬಲ್‌ನ ಎಂಟು ತಂತಿಗಳಲ್ಲಿ ಯಾವುದೋ ಒಂದು ಕೂಡಿಲ್ಲ, ಲಿಂಕ್ 100ಕ್ಕೆ ಇಳಿದಿದೆ. ಆರ್‌ಜೆ45 ಕನೆಕ್ಟರ್ ಮತ್ತೆ ಕ್ರಿಂಪ್ ಮಾಡಿಸಿ.

ಟಿವಿ, ಕನ್ಸೋಲ್ ಇನ್ವರ್ಟರ್ ಮೇಲಿದ್ದೂ ಕರೆಂಟ್ ಹೋದಾಗಲೆಲ್ಲ ಮ್ಯಾಚ್ ಕಡಿದರೆ, ಲೈನ್ ಬದಲಾಗುವ ಆ ಕ್ಷಣದಲ್ಲಿ ಓಎನ್‌ಟಿ ಅಥವಾ ರೂಟರ್ ರೀಸ್ಟಾರ್ಟ್ ಆಗುತ್ತಿರಬಹುದು. ಮಿನಿ ಯುಪಿಎಸ್ ತರುವಾಗ ಎರಡರ ಅಡಾಪ್ಟರ್ ಮೇಲಿನ ವೋಲ್ಟ್ ಹೊಂದುತ್ತದೆಯೇ, ಎರಡರ ಆಂಪಿಯರ್ ಕೂಡಿಸಿದರೆ ಯುಪಿಎಸ್ ತಾಳುತ್ತದೆಯೇ ನೋಡಿ ತನ್ನಿ.