ಬಿಳಿ ಚಾಕು: ಈರುಳ್ಳಿಗೆ ಸೈ, ತೆಂಗಿನಕಾಯಿಗೆ ಬೇಡ

ಆನ್‌ಲೈನ್‌ನಲ್ಲಿ ತರಿಸಿದ ಈ ಸೆರಾಮಿಕ್ ಚಾಕುವಿನ ಡಬ್ಬಿಯ ಮೇಲೆ ‘ಎಂದೂ ಮುರಿಯದು’ ಎಂದು ದಪ್ಪಕ್ಷರದಲ್ಲಿದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನಗೆ ಇಂಥ ಮಾತು ಕಂಡರೆ ಮೈ ಉರಿಯುತ್ತದೆ. ಚಾಕು ಒಳ್ಳೆಯದೇ, ಸುಳ್ಳು ಹೇಳಿದ್ದು ಡಬ್ಬಿ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಹಣ್ಣಾದ ಟೊಮೆಟೊ ಜಜ್ಜಿಹೋಗದೆ ಹೋಳಾಗುತ್ತದೆ, ಕೋಸಂಬರಿಗೆ ಸೌತೆಕಾಯಿ ಎಷ್ಟು ಸಣ್ಣಗೆ ಬೇಕಾದರೂ ಬರುತ್ತದೆ. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಎಳೆಯುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋದರೆ ಕೆಲಸ ಸರಾಗ. ಕಬ್ಬಿಣದ ಈಳಿಗೆಮಣೆಯಲ್ಲಿ ಹತ್ತುವ ಕಪ್ಪು ಇಲ್ಲಿಲ್ಲ. ಆದರೂ ದಿಂಡು ಗಾಳಿಗೆ ಕಂದುವುದು ತಪ್ಪುವುದಿಲ್ಲ, ಮಜ್ಜಿಗೆ ನೀರು ಬೇಕೇ ಬೇಕು.

ಅಲಗು ಜಿರ್ಕೋನಿಯಾದ್ದು, ಅಂದರೆ ಜಿರ್ಕೋನಿಯಂ ಲೋಹದ ಆಕ್ಸೈಡಿನದು. ಶುದ್ಧ ಜಿರ್ಕೋನಿಯಾವನ್ನು ಸುಟ್ಟು ಆರಿಸಿದರೆ ಹರಳಿನ ರಚನೆ ಬದಲಾಗಿ, ಹಿಗ್ಗಿ, ತಾನೇ ಬಿರುಕು ಬಿಡುತ್ತದೆ. ಅದಕ್ಕೆ ತುಸು ಯಿಟ್ರಿಯಾ (ಯಿಟ್ರಿಯಂ ಲೋಹದ ಆಕ್ಸೈಡು) ಬೆರೆಸಿದರೆ ಬಿಸಿಯಲ್ಲಿದ್ದ ರಚನೆ ತಣ್ಣಗಾದ ಮೇಲೂ ಹಾಗೆಯೇ ಉಳಿಯುತ್ತದೆ. ಸೊಗಸಿರುವುದು ಮುಂದೆ. ಎಲ್ಲಾದರೂ ಬಿರುಕು ಹೊರಟರೆ ಅದರ ತುದಿಯ ಒತ್ತಡಕ್ಕೆ ಅಲ್ಲಿನ ಕಣಗಳು ಮಾತ್ರ ರಚನೆ ಬದಲಿಸಿ ಗಾತ್ರದಲ್ಲಿ ಸುಮಾರು 4%ರಷ್ಟು ಹಿಗ್ಗುತ್ತವೆ, ಬಿರುಕನ್ನು ಅಲ್ಲಿಯೇ ಅದುಮಿ ಹಿಡಿಯುತ್ತವೆ. ಜಿರ್ಕೋನಿಯಾದ ಈ ಗುಣವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಗಾರ್ವಿ, ಹ್ಯಾನಿಂಕ್, ಪ್ಯಾಸ್ಕೋ 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಶೀರ್ಷಿಕೆಯಲ್ಲಿ ‘ಸೆರಾಮಿಕ್ ಉಕ್ಕೇ?’ ಎಂದು ಪ್ರಶ್ನೆಯ ಚಿಹ್ನೆಯನ್ನೂ ಇಟ್ಟಿದ್ದರು. ವ್ಯಾಪಾರಿಗಳು ಆ ಚಿಹ್ನೆಯನ್ನು ಕಿತ್ತುಹಾಕಿದ್ದಾರೆ.

ಬಿರುಕನ್ನು ತಾಳುವ ಗುಣವನ್ನು (MPa√m ಎಂಬ ಏಕಮಾನದಲ್ಲಿ) ಅಳೆದರೆ ಮಾಮೂಲಿ ಸೆರಾಮಿಕ್ಕಾದ ಅಲ್ಯೂಮಿನಾ 3–4, ಇಂಥ ಜಿರ್ಕೋನಿಯಾ 5ರಿಂದ 10, ಸಾಮಾನ್ಯ ಉಕ್ಕು 50ರ ಮೇಲೆ. ಪಿಂಗಾಣಿಗಿಂತ ಎಷ್ಟೋ ಗಟ್ಟಿ, ಉಕ್ಕಿನ ಹತ್ತಿರಕ್ಕೂ ಇಲ್ಲ. ನಮ್ಮ ಯಜಮಾನರು ಸುವರ್ಣಗಡ್ಡೆಯೊಳಕ್ಕೆ ಚುಚ್ಚಿ ಅಲಗನ್ನು ತಿರುಚಿದರು. ತುದಿಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತು. ಒತ್ತುವುದನ್ನು ತಾಳುತ್ತದೆ, ತಿರುಚುವುದನ್ನು ತಾಳದು. ಕಂಪನಿಗೆ ಬರೆದರೆ ‘ಬಳಕೆದಾರರ ತಪ್ಪು, ವಾರಂಟಿ ಇಲ್ಲ’ ಎಂಬ ಉತ್ತರ. ಹಾಗಿದ್ದರೆ ಡಬ್ಬಿಯ ಮೇಲೆ ಅದನ್ನೇ ಬರೆಯಬಹುದಿತ್ತು.

ಇನ್ನೊಂದು ತಾಪತ್ರಯ ಸಾಣೆ. ಬೀದಿಯಲ್ಲಿ ಬರುವ ಸಾಣೆಯವನಿಗೆ ಕೊಡಬೇಡಿ, ಅವನ ಚಕ್ರಕ್ಕೆ ಇದು ಬಗ್ಗುವುದಿಲ್ಲ, ಚಕ್ಕೆ ಏಳುವುದೇ ಹೆಚ್ಚು. ವಜ್ರದ ಪುಡಿ ಲೇಪಿಸಿದ ಸಾಣೆ ಬೇಕು. ಹರಿತ ಬಹಳ ಕಾಲ ನಿಲ್ಲುವುದರಿಂದ ಅದರ ಅಗತ್ಯ ಅಪರೂಪ. ಕಡಪಾ ಕಲ್ಲಿನ ಮೇಲೆ ಹೆಚ್ಚುವವರು ಮರದ ಮಣೆ ಹಾಕಿಕೊಳ್ಳಿ, ಸಿಂಕಿನಲ್ಲಿ ಪಾತ್ರೆಗಳ ರಾಶಿಗೆ ಎಸೆಯಬೇಡಿ. ತೆಂಗಿನಕಾಯಿ, ಬೆಲ್ಲದ ಅಚ್ಚು, ಮೂಳೆ ಇರುವ ಮಾಂಸಕ್ಕೆ ಹಳೆಯ ಉಕ್ಕಿನ ಕತ್ತಿಯೇ ಇರಲಿ. ಎರಡನೆಯ ಚಾಕುವಾಗಿ ಕೊಳ್ಳುವುದಾದರೆ ಧಾರಾಳವಾಗಿ ಕೊಳ್ಳಿ.