ಕೋವಿಯ ಬಿಡಿಭಾಗ ಹೊರದೇಶದಿಂದ ತರಿಸಬಹುದೇ? ಕಾರವಾರದ ಒಂದು ಕಸ್ಟಮ್ಸ್ ಕೌಂಟರಿನ ವಿಮರ್ಶೆ

ಕಾರವಾರದ ಬಂದರು ಭಾಗದಲ್ಲಿ ಕಸ್ಟಮ್ಸ್ ಕಾಗದಪತ್ರ, ಅಂತರರಾಷ್ಟ್ರೀಯ ಕೊರಿಯರ್ ಬುಕಿಂಗ್ ಎರಡನ್ನೂ ನೋಡಿಕೊಳ್ಳುವ ಸಣ್ಣ ಕೌಂಟರ್ ಒಂದಿದೆ. ಹೆಚ್ಚಿನ ಗಿರಾಕಿಗಳು ದುಬೈ, ಮಸ್ಕತ್ ಕಡೆಗೆ ಉಪ್ಪಿನಕಾಯಿ, ಅಪ್ಪೆಮಿಡಿ, ಬಟ್ಟೆಬರೆ ಕಳಿಸುವವರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಘಟ್ಟ ಇಳಿದು ಬರುವವರ ವಿಚಾರ ಬೇರೆ. ಅಡಿಕೆ ತೋಟಕ್ಕೆ ಬೆಳೆ ರಕ್ಷಣೆ ಲೈಸೆನ್ಸಿನ ಮೇಲೆ ಇಟ್ಟುಕೊಂಡ ಅಜ್ಜನ ಕಾಲದ ಇಂಗ್ಲಿಷ್ ಇಲ್ಲವೇ ಬೆಲ್ಜಿಯಂ ಜೋಡಿನಳಿಗೆ ಕೋವಿ, ಅದರ ಮೇನ್ ಸ್ಪ್ರಿಂಗ್ ಮುರಿದಿದೆ, ತೋಟಾದ ಕೇಪಿಗೆ ಬಡಿಯುವ ಸ್ಟ್ರೈಕರ್ ಸವೆದಿದೆ. ಅದೇ ಅಳತೆಯ ಭಾಗ ಇಂಗ್ಲೆಂಡಿನ ಯಾವುದೋ ಅಂಗಡಿಯ ಜಾಲತಾಣದಲ್ಲಿ ಕಾಣುತ್ತದೆ. ಎರಡು ಸಾವಿರ ರೂಪಾಯಿಯ ಉಕ್ಕಿನ ತುಂಡು, ಅಂಗೈಯಲ್ಲಿ ಹಿಡಿಯುವಷ್ಟು. ತರಿಸಿದರೇನು ಎಂಬುದು ಪ್ರಶ್ನೆ.

ಈ ಕೌಂಟರಿನ ಗುಣ ಮೊದಲೇ ಹೇಳಿಬಿಡಬೇಕು: ಇಲ್ಲಿ ಬೇಡವೆನ್ನಲು ಹಿಂಜರಿಯುವುದಿಲ್ಲ. "ಭಟ್ರೇ, ದುಡ್ಡು ಕೊಟ್ಟು ಆರ್ಡರ್ ಹಾಕಿಬಿಟ್ರಾ, ಇನ್ನೂ ಇಲ್ಲವಾ?" ಎಂಬುದು ಮೊದಲ ಪ್ರಶ್ನೆ. ಹಾಕಿಲ್ಲ ಅಂದರೆ ಕುರ್ಚಿ ತೋರಿಸುತ್ತಾರೆ. ಹಾಕಿದ್ದೇವೆ ಅಂದರೆ ಮುಖ ಸಪ್ಪಗಾಗುತ್ತದೆ. ಕಾರಣ ದಿನಾಂಕದ್ದು. ವಿದೇಶ ವ್ಯಾಪಾರದ ನಿಯಮದಲ್ಲಿ ಆಮದಿನ ದಿನ ಎಂದರೆ ಸರಕು ಬೆಂಗಳೂರಿಗೆ ಬಂದಿಳಿದ ದಿನವಲ್ಲ. ವಿಮಾನದಲ್ಲಿ ಬಂದರೆ ಏರ್‌ವೇ ಬಿಲ್ಲಿನ (ಸರಕು ಸಾಗಣೆ ರಶೀದಿಯ) ದಿನಾಂಕ, ಅಂಚೆಯಲ್ಲಾದರೆ ಕಳಿಸಿದ ಕಚೇರಿಯ ಮೊಹರಿನ ದಿನಾಂಕ, ಕೊರಿಯರಿನಲ್ಲಾದರೆ ವೇಬಿಲ್ಲಿನ ದಿನಾಂಕ. ಅನುಮತಿ ಅದಕ್ಕೂ ಮೊದಲಿನದಾಗಿರಬೇಕು. ಪಾರ್ಸೆಲ್ ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡ ಮೇಲೆ ಓಡಾಡಿ ತಂದ ಅನುಮತಿ ಆ ಪಾರ್ಸೆಲ್ಲಿಗೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಕಾನೂನು. 1959ರ ಆಯುಧ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ 'ಫೈರ್ ಆರ್ಮ್ಸ್' ಎಂಬುದರ ಅರ್ಥ ಬರೆದಿದ್ದಾರೆ. ಇಡೀ ಕೋವಿ ಮಾತ್ರ ಅಲ್ಲ, ಅದರ ಭಾಗಗಳೂ, ಸದ್ದು ಅಥವಾ ಬೆಂಕಿಯ ಹೊಳಪು ತಗ್ಗಿಸಲೆಂದು ಮಾಡಿದ ಸಾಮಾನುಗಳೂ ಅದರೊಳಗೇ ಬರುತ್ತವೆ. ಇಷ್ಟು ಸಣ್ಣ ಭಾಗವಾದರೆ ಬಿಟ್ಟಿದೆ ಎಂಬ ಮಾತು ಅಲ್ಲಿಲ್ಲ. 10ನೇ ಸೆಕ್ಷನ್ ಪ್ರಕಾರ ಸಮುದ್ರ, ನೆಲ, ಆಕಾಶ ಯಾವ ದಾರಿಯಲ್ಲಾದರೂ ಆಯುಧವನ್ನು ದೇಶದೊಳಗೆ ತರಲು, ಹೊರಗೆ ಒಯ್ಯಲು ಅದಕ್ಕೆಂದೇ ಲೈಸೆನ್ಸು ಬೇಕು. ಮನೆಯಲ್ಲಿ ಕೋವಿ ಇಟ್ಟುಕೊಳ್ಳಲು ಜಿಲ್ಲಾಧಿಕಾರಿ ಕೊಟ್ಟ ಲೈಸೆನ್ಸು 3ನೇ ಸೆಕ್ಷನ್ನಿನದು. ಅದನ್ನು ತೋರಿಸಿ ಆಮದು ಮಾಡಲು ಆಗುವುದಿಲ್ಲ. ಘಟ್ಟದ ಮೇಲಿನವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಕೊಡಗಿನವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆಯಲ್ಲ ಎಂದು ವಾದಿಸುವವರೂ ಇದ್ದಾರೆ. ಅದು ಕೊಡವರಿಗೂ ಜಮ್ಮಾ (ಕೊಡಗಿನ ಪರಂಪರಾಗತ ಭೂಮಿ) ಹಿಡುವಳಿದಾರರಿಗೂ 41ನೇ ಸೆಕ್ಷನ್ನಿನಲ್ಲಿ ಸಿಕ್ಕಿದ್ದು, ನಮ್ಮ ಜಿಲ್ಲೆಗೆ ಅನ್ವಯಿಸದು.

ಎರಡನೆಯ ಬಾಗಿಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ. ಆಮದು ಪಟ್ಟಿಯ 93ನೇ ಅಧ್ಯಾಯದಲ್ಲಿ ಬೇಟೆ ಮತ್ತು ಕ್ರೀಡೆಯ ಕೋವಿಗಳಿಗೆ 9303, ಏರ್ ಗನ್ನಿಗೆ 9304, ಬಿಡಿಭಾಗಗಳಿಗೆ 9305, ತೋಟಾಗಳಿಗೆ 9306 ಎಂಬ ಸಾಲುಗಳಿವೆ. ಇವು ನಿರ್ಬಂಧಿತ ಸರಕು, ಮೊದಲೇ ಆಮದು ಅನುಮತಿ ಪಡೆಯಬೇಕು. ಈ ಕೌಂಟರಿನವರು ಗಿರಾಕಿಯನ್ನು ಕೂರಿಸಿ ಆಮದು ಪಟ್ಟಿ ತೆರೆದು ಆ ಸಾಲನ್ನೇ ತೋರಿಸುತ್ತಾರೆ. ಒಳ್ಳೆಯ ರೂಢಿ.

ಕೌಂಟರಿನವರ ತಿಳಿವಳಿಕೆ ಗೊತ್ತಾಗುವುದು ಸುಂಕದ ಕೋಡ್ ಹಚ್ಚುವಾಗ. 93ನೇ ಅಧ್ಯಾಯದ ಮೊದಲ ಟಿಪ್ಪಣಿ ಸಾಮಾನ್ಯ ಬಳಕೆಯ ಲೋಹದ ಭಾಗಗಳನ್ನು ಆ ಅಧ್ಯಾಯದಿಂದ ಹೊರಗಿಡುತ್ತದೆ. ಉಕ್ಕಿನ ಸ್ಪ್ರಿಂಗ್ ಆದರೆ 7320, ಸ್ಕ್ರೂ ಆದರೆ 7318. ಕೋವಿಗೆ ಕೂರಿಸದೆ ಬಿಡಿಯಾಗಿ ಬರುವ ಗುರಿ ನೋಡುವ ದೂರದರ್ಶಕ 9013ಕ್ಕೆ ಹೋಗುತ್ತದೆ. ಇದನ್ನು ಅರೆಬರೆ ಓದಿದ ಏಜೆಂಟರು "ಸ್ಪ್ರಿಂಗ್ ಎಂದು ಹಾಕಿ ಬಿಡಿಸಿಕೊಡುತ್ತೇನೆ" ಎನ್ನುತ್ತಾರೆ. ಸುಂಕದ ಕೋಡ್ ಎಷ್ಟೇ ಸರಿಯಿದ್ದರೂ ಆಯುಧ ಕಾಯ್ದೆಯ ಕಣ್ಣಿಗೆ ಅದು ಕೋವಿಯ ಭಾಗವೇ. ಪೆಟ್ಟಿಗೆ ಬಿಚ್ಚಿದ ಅಧಿಕಾರಿ ಇಂಗ್ಲಿಷ್ 'ವಿ' ಅಕ್ಷರದ ಆಕಾರದ ಚಪ್ಪಟೆ ಸ್ಪ್ರಿಂಗನ್ನು ನೋಡಿ, ಕಳಿಸಿದ ಅಂಗಡಿಯ ಹೆಸರನ್ನೂ ಓದಿದ ಮೇಲೆ ಮುಂದಿನದು ಊಹಿಸಬಹುದು: ಮಾಲು ತಡೆ, 1962ರ ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ನಿನಲ್ಲಿ ಮುಟ್ಟುಗೋಲು, 112ರಲ್ಲಿ ದಂಡ, ಜೊತೆಗೆ ಪೊಲೀಸ್ ಪ್ರಕರಣದ ಸಾಧ್ಯತೆ. ಈ ಕೌಂಟರಿನವರು ಕೋಡ್ 7320 ಎಂದು ಹಾಕಿದರೂ ವಿವರದಲ್ಲಿ 'ಜೋಡಿನಳಿಗೆ 12 ಬೋರ್ ಕೋವಿಯ ಲಾಕಿನ ಸ್ಪ್ರಿಂಗ್' ಎಂದು ಬಿಚ್ಚಿ ಬರೆಯಲು ಹೇಳುತ್ತಾರೆ, ಅನುಮತಿಯ ಪ್ರತಿಯನ್ನೂ ಕೇಳುತ್ತಾರೆ. ಪೂರ್ತಿ ಅಂಕ ಕೊಡಬಹುದಾದ ಜಾಗ ಇದು.

ಇನ್‌ವಾಯ್ಸಿನಲ್ಲಿ ಅವರು ಬೇಡುವ ವಿವರ ಹೀಗಿದೆ: ಭಾಗದ ಹೆಸರು, ಯಾವ ಕೋವಿಯದು, ಬೋರು (ನಳಿಗೆಯ ಒಳ ಅಳತೆ), ಸಂಖ್ಯೆ, ಗ್ರಾಮಿನಲ್ಲಿ ನಿವ್ವಳ ತೂಕ, ಯಾವ ಲೋಹ, ತಯಾರಾದ ದೇಶ, ಬೆಲೆ, ಕನಿಷ್ಠ ಆರು ಅಂಕಿಯ ಕೋಡ್. ನಳಿಗೆಯಾದರೆ ಅದರ ಮೇಲಿನ ಸಂಖ್ಯೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ. 'ಮಷಿನ್ ಸ್ಪೇರ್', 'ಮೆಟಲ್ ಪಾರ್ಟ್' ಎಂದು ಬರೆದ ಇನ್‌ವಾಯ್ಸನ್ನು ಮುಟ್ಟುವುದೇ ಇಲ್ಲ. ಭಟ್ಕಳ, ಹೊನ್ನಾವರ ಕಡೆಯವರು ಗಲ್ಫಿನ ನೆಂಟರಿಂದ 'ಗಿಫ್ಟ್' ಎಂದು ಕಳಿಸಿಕೊಳ್ಳುವ ಆಲೋಚನೆಯಲ್ಲಿ ಬಂದರೆ ಅದಕ್ಕೂ ತಡೆ. 2019ರ ಡಿಸೆಂಬರಿನಿಂದ ಗಿಫ್ಟ್ ಪಾರ್ಸೆಲ್ಲಿನ ಸುಂಕ ರಿಯಾಯಿತಿ ರಾಖಿಗೂ ಜೀವರಕ್ಷಕ ಔಷಧಿಗೂ ಮಾತ್ರ. ನಿರ್ಬಂಧಿತ ಸರಕಿಗಂತೂ ಆ ಚೀಟಿ ಮೊದಲಿನಿಂದಲೂ ರಕ್ಷಣೆಯಾಗಿರಲಿಲ್ಲ.

ಕೊರಿಯರ್ ಬುಕಿಂಗ್ ಇದೆ ಎಂದು ಬೋರ್ಡಿನಲ್ಲಿದ್ದರೂ ಕೋವಿಯ ಭಾಗ ಆ ದಾರಿಯಲ್ಲಿ ಬರುವುದಿಲ್ಲ. ಬೇರೆ ಇಲಾಖೆಯ ಅಭಿಪ್ರಾಯ ಬೇಕಾಗುವ ಸರಕು ಕೊರಿಯರ್ ತೀರುವಳಿಯ ನಿಯಮದ ಹೊರಗೆ. ದೊಡ್ಡ ಕೊರಿಯರ್ ಕಂಪನಿಗಳಂತೂ ತಮ್ಮ ಕರಾರಿನಲ್ಲೇ ಆಯುಧಗಳಿಗೆ ಬಾಗಿಲು ಮುಚ್ಚಿವೆ. ಹಾಗಾಗಿ ಏರ್ ಕಾರ್ಗೋ, ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣಾ ಪತ್ರ), ಲೈಸೆನ್ಸು ಇರುವ ಕಸ್ಟಮ್ಸ್ ಬ್ರೋಕರ್, ತಡವಾದಷ್ಟು ದಿನ ಡೆಮರೇಜು, ಅಂದರೆ ಸರಕು ಬಿದ್ದಿರುವುದಕ್ಕೆ ಬಾಡಿಗೆ. ಬಂದಿಳಿದ 30 ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸು ಕೊಟ್ಟು ಮಾರಿಬಿಡಲು ಕಸ್ಟಮ್ಸ್ ಕಾಯ್ದೆಯ 48ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಈ ಲೆಕ್ಕವನ್ನು ಕೌಂಟರಿನವರು ಬಾಯಿಮಾತಿನಲ್ಲಿ ಹೇಳುತ್ತಾರೆ, ಬರೆದು ಕೊಡುವುದಿಲ್ಲ. ಇದು ಕೊರತೆ. ಎರಡು ಸಾವಿರದ ಸ್ಪ್ರಿಂಗಿಗೆ ಅದರ ಹಲವು ಪಟ್ಟು ಖರ್ಚು ಬೀಳುವಾಗ ಒಂದು ಹಾಳೆಯ ಅಂದಾಜುಪಟ್ಟಿ ಕೇಳುವುದು ತಪ್ಪಲ್ಲ.

ಇನ್ನೂ ದೊಡ್ಡ ಕೊರತೆ ಕಳಿಸುವ ದೇಶದ ಕಾನೂನಿನದು. ಇಲ್ಲಿ ಕೌಂಟರಿನವರ ಜ್ಞಾನ ತೆಳು. "ಅದು ಮಾರುವವನ ಕೆಲಸ" ಎಂದು ಕೈ ತೊಳೆದುಕೊಳ್ಳುತ್ತಾರೆ. ಮಾತು ಅರ್ಧ ನಿಜ. ರಫ್ತು ಲೈಸೆನ್ಸಿಗೆ ಅರ್ಜಿ ಹಾಕಬೇಕಾದವನು ಮಾರುವವನೇ ಹೌದು, ಆದರೆ ಅವನು ಭಾರತದ ಅನುಮತಿ ಪತ್ರ ನೋಡದೆ ಅರ್ಜಿಗೆ ಕೈ ಹಚ್ಚುವುದಿಲ್ಲ. ವಿಶ್ವಸಂಸ್ಥೆಯ 2001ರ ಬಂದೂಕು ಶಿಷ್ಟಾಚಾರದ ಕ್ರಮವೂ ಅದೇ: ತರಿಸಿಕೊಳ್ಳುವ ದೇಶದ ಅನುಮತಿ ಮೊದಲು, ನಡುದಾರಿಯ ದೇಶದ ಒಪ್ಪಿಗೆ ಆಮೇಲೆ, ರಫ್ತು ಕೊನೆಗೆ. ಆ ನಡುದಾರಿಯ ಸಂಗತಿ ಇಲ್ಲಿ ಯಾರ ತಲೆಗೂ ಬರುವುದಿಲ್ಲ. ಯುರೋಪಿನಿಂದ ಹೊರಟ ಪೆಟ್ಟಿಗೆ ಕೊಲ್ಲಿಯ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸಿದರೆ ಅಲ್ಲಿಯ ಕಾನೂನೂ ಲೆಕ್ಕಕ್ಕೆ ಬರುತ್ತದೆ. ಬುಕ್ ಮಾಡುವಾಗ ಸರಕು ಯಾವ ದಾರಿಯಲ್ಲಿ ಬರುತ್ತದೆ ಎಂದು ನೀವೇ ಕೇಳಿ.

ಯಾವ ಭಾಗ ಎಷ್ಟು ಬಿಗಿ ಎಂಬುದೂ ದೇಶದಿಂದ ದೇಶಕ್ಕೆ ಬೇರೆ. ಯುರೋಪಿಯನ್ ಒಕ್ಕೂಟ ಅತ್ಯಗತ್ಯ ಭಾಗಗಳೆಂದು ಹೆಸರಿಸಿರುವುದು ನಳಿಗೆ, ಫ್ರೇಮ್, ರಿಸೀವರ್, ಸ್ಲೈಡ್, ಸಿಲಿಂಡರ್, ಬೋಲ್ಟ್ ಅಥವಾ ಬ್ರೀಚ್ ಬ್ಲಾಕ್. ಇವನ್ನು ಇಡೀ ಬಂದೂಕಿನಂತೆಯೇ ನೋಡುತ್ತಾರೆ. ಅಮೆರಿಕದಲ್ಲಿ 2020ರ ಮಾರ್ಚ್ 9ರಿಂದ ಸ್ವಯಂಚಾಲಿತವಲ್ಲದ ಬಂದೂಕುಗಳ ರಫ್ತು ವಿದೇಶಾಂಗ ಇಲಾಖೆಯ ಪಟ್ಟಿಯಿಂದ ವಾಣಿಜ್ಯ ಇಲಾಖೆಯ ಪಟ್ಟಿಗೆ ಬಂದಿದೆ. ರೈಫಲ್, ಪಿಸ್ತೂಲುಗಳೂ ಅವುಗಳ ಭಾಗಗಳೂ ಆ ಪಟ್ಟಿಯ 0ಎ501 ಎಂಬ ಸಾಲಿನಲ್ಲಿ, ಶಾಟ್‌ಗನ್ 0ಎ502ರಲ್ಲಿ. ಶಾಟ್‌ಗನ್ ಭಾಗಗಳಲ್ಲಿ ಆ ಸಾಲಿನ ಶೀರ್ಷಿಕೆ ಹೇಳುವುದು ಪೂರ್ಣ ಟ್ರಿಗರ್ ಜೋಡಣೆ, ಮ್ಯಾಗಜೀನ್, ಅದರ ಉದ್ದನೆಯ ಕೊಳವೆ, ಪೂರ್ಣ ಬ್ರೀಚ್ ಜೋಡಣೆ ಇಷ್ಟನ್ನು. ಅಲ್ಲಿ ಹಗುರವಾಗಿರುವ ಬಿಡಿ ಸ್ಟ್ರೈಕರ್ ಇಲ್ಲಿಯ ಕಸ್ಟಮ್ಸಿನಲ್ಲಿ ಭಾರವಾಗುತ್ತದೆ. ಮಾರುವವನು "ನೋ ಲೈಸೆನ್ಸ್ ರಿಕ್ವೈರ್ಡ್" ಎಂದು ಬರೆದರೆ ಅದು ಅವನ ದೇಶದ ಮಾತು ಎಂದಷ್ಟೇ ತಿಳಿಯಿರಿ.

ಕೌಂಟರಿನವರು ಸೀದಾ ತಿರಸ್ಕರಿಸುವ ಎರಡು ಸರಕಿವೆ. ಒಂದು, ಏರ್ ಗನ್ನಿಗೆಂದು ಚೀನಾದ ಜಾಲತಾಣಗಳು ಮಾರುವ ಸದ್ದಡಗಿಸುವ ಕೊಳವೆ. 0.177 ಬೋರಿನ, 20 ಜೂಲ್ ಮೀರದ ಏರ್ ಗನ್ನಿಗೆ ಲೈಸೆನ್ಸು ಬೇಡ ಎಂಬುದು 2016ರ ಆಯುಧ ನಿಯಮದಲ್ಲಿ ಇದೆ. ಆ ರಿಯಾಯಿತಿ ಕೊಳವೆಗೂ ಇದೆ ಎಂದು ಹುಡುಗರು ಎಣಿಸುತ್ತಾರೆ. ಅದೇ ಕೊಳವೆ ಬಂದೂಕಿಗೂ ಕೂರುವಂತಿದ್ದರೆ ಮೇಲೆ ಹೇಳಿದ 2ನೇ ಸೆಕ್ಷನ್ನಿಗೆ ಬಿತ್ತು. ಇನ್ನೊಂದು, ತೋಟಾ ಮತ್ತು ಕೇಪು. ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆ ಕೊಟ್ಟ ಸಂಖ್ಯೆಯಲ್ಲಿ ತುಂಬಿದ ತೋಟಾ ಯುಎನ್ 0012, ಕೇಪು ಯುಎನ್ 0044, ಎರಡೂ ಒಂದನೇ ವರ್ಗದ ಸ್ಫೋಟಕ. ಸಾಮಾನ್ಯ ಪಾರ್ಸೆಲ್ಲಿನೊಳಗೆ ತುರುಕಿದರೆ ಅದು ವಿಮಾನ ಸುರಕ್ಷತೆಯ ಅಪರಾಧವೂ ಹೌದು.

ರಿಪೇರಿಗೆಂದು ನಳಿಗೆಯನ್ನೇ ಹೊರದೇಶಕ್ಕೆ ಕಳಿಸುವ ಕೆಲಸಕ್ಕೆ ಈ ಕೌಂಟರಿನಲ್ಲಿ ಹೋಗಬೇಡಿ. ಹೊರಗೆ ಒಯ್ಯುವಾಗಲೂ ಮರಳಿ ತರುವಾಗಲೂ 10ನೇ ಸೆಕ್ಷನ್ ಅನ್ವಯ. ಕಳಿಸುವ ದಿನವೇ ಕಸ್ಟಮ್ಸ್ ಪರೀಕ್ಷೆಯಲ್ಲಿ ನಳಿಗೆಯ ಸಂಖ್ಯೆ ದಾಖಲಾಗದಿದ್ದರೆ, ಮರಳಿ ಬಂದದ್ದು ಅದೇ ನಳಿಗೆ ಎಂದು ಸಾಬೀತು ಮಾಡಲು ಆಗದು. ಆಗ ರಿಪೇರಿ ಖರ್ಚಿನ ಮೇಲಷ್ಟೇ ಸುಂಕ ಎಂಬ ಅನುಕೂಲ ಕೈತಪ್ಪಿ ಹೊಸ ಮಾಲಿನ ಲೆಕ್ಕವಾಗುತ್ತದೆ. ಇಲ್ಲಿಯ ಫಾರ್ಮಿನಲ್ಲಿ ಆ ಸಂಖ್ಯೆಗೆ ಕಾಲಮ್ಮೇ ಇಲ್ಲ.

ಹಾಗಾದರೆ ತೋಟಿಗರು ಏನು ಮಾಡಬೇಕು? ಕೌಂಟರಿನವರ ಸಲಹೆಗೆ ನಮ್ಮ ಒಪ್ಪಿಗೆಯೂ ಇದೆ: ಸ್ಪ್ರಿಂಗು, ಸ್ಟ್ರೈಕರಿನಂಥ ಭಾಗಕ್ಕೆ ಆಮದಿನ ಗೋಜು ಬೇಡ, ಲೈಸೆನ್ಸು ಇರುವ ರಿಪೇರಿ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳಿ. ಕರಾವಳಿಯ ಉಪ್ಪುಗಾಳಿಗೂ ಘಟ್ಟದ ಮಳೆಗೂ ಹೆಚ್ಚಾಗಿ ಮುರಿಯುವುದು ಸ್ಪ್ರಿಂಗೇ. ಪರಿಚಯದ ಲೇತ್ ಅಂಗಡಿಯಲ್ಲಿ ಮಾಡಿಸುವುದು ಸುಲಭವಾಗಿ ಕಂಡರೂ ಅದಕ್ಕೆ ಕೈ ಹಾಕಬೇಡಿ, 5ನೇ ಸೆಕ್ಷನ್ನಿನಲ್ಲಿ ಕೋವಿಯ ರಿಪೇರಿ ಕೆಲಸಕ್ಕೂ ಲೈಸೆನ್ಸು ಬೇಕು. ಇಂಥದ್ದೇ ಭಾಗ ಬೇಕೇ ಬೇಕು ಅನ್ನುವ ಅಪರೂಪದ ಕೋವಿಗೆ ಮಾತ್ರ, ಆಯುಧ ವ್ಯಾಪಾರಿಯ ಮೂಲಕ ಆಮದಿಗೆ ಹೊರಡಬಹುದು.

ಅಂಕ ಕೊಡುವುದಾದರೆ ಕೋಡ್ ಮತ್ತು ವಿವರಣೆಗೆ ಐದಕ್ಕೆ ಐದು, ಖರ್ಚಿನ ಪಾರದರ್ಶಕತೆಗೆ ಎರಡು, ಹೊರದೇಶದ ಕಾನೂನಿಗೆ ಒಂದೂವರೆ. ವಿಚಾರಿಸಲು ಮಾತ್ರ ಹೋಗುವವರಿಗೆ ಧಾರಾಳವಾಗಿ ಹೇಳಬಹುದಾದ ಜಾಗ.

ಹೋಗುವಾಗ ಲೈಸೆನ್ಸಿನ ಎಲ್ಲ ಪುಟಗಳ ಪ್ರತಿ, ಯುಐಎನ್ (ಲೈಸೆನ್ಸುದಾರರ ಗುರುತಿನ) ಸಂಖ್ಯೆ, ಕೋವಿಯ ಸಂಖ್ಯೆ ಕಾಣುವ ಫೋಟೊ, ಮುರಿದ ಭಾಗದ ಫೋಟೊ ಮತ್ತು ಅಳತೆ ಇಷ್ಟನ್ನು ಒಯ್ಯಿರಿ. ಕೋವಿಯನ್ನೇ ಬಸ್ಸಿನಲ್ಲಿ ಹೊತ್ತು ಘಟ್ಟ ಇಳಿಯಬೇಡಿ. ಬೆಳೆ ರಕ್ಷಣೆಯ ಲೈಸೆನ್ಸಿನ ವ್ಯಾಪ್ತಿ ಸಾಮಾನ್ಯವಾಗಿ ತೋಟ, ಗ್ರಾಮಕ್ಕೆ ಸೀಮಿತ. ಕಾರವಾರಕ್ಕೆ ತರಲೇಬೇಕಾದರೆ ಮೊದಲು ಬರಹದಲ್ಲಿ ಅನುಮತಿ ಪಡೆಯಬೇಕು. ಮಾಜಾಳಿ ದಾಟಿ ಗೋವಾದ ರಿಪೇರಿಯವರ ಹತ್ತಿರ ಹೋಗುವ ಯೋಚನೆ ಇದ್ದರೆ ಲೈಸೆನ್ಸಿನ ಮೇಲೆ 'ಅಖಿಲ ಭಾರತ' ಎಂದಿದೆಯೇ ಎಂದೂ ನೋಡಿಕೊಳ್ಳಿ.