ಪಿ0299 ಕೋಡ್‌ನ ಕಾರಣ ಹುಡುಕಿಕೊಟ್ಟ ಸ್ಕ್ಯಾನರ್: ಎರಡು ವಾರದ ಬಳಕೆಯ ನಂತರ

ಏರುದಾರಿಯಲ್ಲಿ ನನ್ನ ಡೀಸೆಲ್ ಕಾರಿನ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಅದೇ ಕ್ಷಣದಿಂದ ಪಿಕಪ್ ಸತ್ತೇಹೋಯಿತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಎಂಜಿನ್ 3,000 ಆರ್‌ಪಿಎಂ ದಾಟುತ್ತಿರಲಿಲ್ಲ. ಎಂಜಿನ್ನಿಗೆ ಹಾನಿಯಾಗದಿರಲೆಂದು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತಾನಾಗಿಯೇ ಶಕ್ತಿಯನ್ನು ತಗ್ಗಿಸುವ ಈ ಸ್ಥಿತಿಯನ್ನು ಲಿಂಪ್ ಮೋಡ್ ಎನ್ನುತ್ತಾರೆ. ಗ್ಯಾರೇಜಿನವರು ಇಸಿಯು ದಾಖಲಿಸಿದ ದೋಷದ ಕೋಡ್ ಓದಿ, ಪಿ0299 ಬಂದಿದೆ, ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಬದಲಿಸಬೇಕು ಎಂದರು. ಅಷ್ಟು ದೊಡ್ಡ ಖರ್ಚಿಗೆ ಒಪ್ಪುವ ಮೊದಲು ನಾನೇ ಒಮ್ಮೆ ನೋಡಬೇಕೆನಿಸಿ, ಕೇಬಲ್ಲಿನಿಂದ ಜೋಡಿಸುವ, ಅಂಗೈಯಗಲದ ಒಬಿಡಿ-2 ಸ್ಕ್ಯಾನರೊಂದನ್ನು (ಇಂಥ ಕೋಡ್‌ಗಳನ್ನು ಕಾರಿನಿಂದ ಓದುವ ಸಾಧನ) ಕೊಂಡೆ.

ಜೋಡಣೆ ಸುಲಭ. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು, ಬೇಕಾದ ವಿದ್ಯುತ್ತನ್ನು ಅದು ಕಾರಿನಿಂದಲೇ ಪಡೆಯುತ್ತದೆ. ಕೋಡ್ ಓದಲು ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಪಿ0299 ಹೇಳುವುದು ಇಷ್ಟೇ: ಇಸಿಯು ಕೇಳಿದಷ್ಟು ಬೂಸ್ಟ್ ಒತ್ತಡ, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಸಿಗಲಿಲ್ಲ. ಟರ್ಬೊ ಸವೆದಿದ್ದರೂ ಈ ಕೋಡ್ ಬರುತ್ತದೆ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್ ಸೀಳಿದ್ದರೂ ಬರುತ್ತದೆ. ವ್ಯಾಕ್ಯೂಮ್ ಪೈಪು ಕಳಚಿದ್ದರೂ, ಬೂಸ್ಟ್ ನಿಯಂತ್ರಿಸುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಕವಾಟ) ಕೆಟ್ಟಿದ್ದರೂ, ಒತ್ತಡ ಅಳೆಯುವ ಸೆನ್ಸರ್ ತಪ್ಪು ಹೇಳುತ್ತಿದ್ದರೂ ಇದೇ ಕೋಡ್. ಆದ್ದರಿಂದ ಕೋಡ್ ಓದಿ ಅಳಿಸುವುದಷ್ಟನ್ನೇ ಮಾಡುವ ಅಗ್ಗದ ಸಾಧನ ಇಂಥ ತೊಂದರೆಗೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಸ್ಕ್ಯಾನರಿನ ನಿಜವಾದ ಉಪಯೋಗ ಕಂಡದ್ದು ಫ್ರೀಜ್ ಫ್ರೇಮ್ (ಕೋಡ್ ದಾಖಲಾದ ಕ್ಷಣದ ಅಂಕಿಗಳು) ಮತ್ತು ಲೈವ್ ಡೇಟಾಗಳಲ್ಲಿ (ಆಯಾ ಕ್ಷಣದ ಅಂಕಿಗಳು). ಕೋಡ್ ದಾಖಲಾದ ಗಳಿಗೆಯಲ್ಲಿ ಎಂಜಿನ್ 2,400 ಆರ್‌ಪಿಎಂನಲ್ಲಿತ್ತು, ಲೋಡ್ ಶೇ. 87 ಇತ್ತು, ಆದರೆ ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಕೇವಲ 124 ಕಿಲೊಪ್ಯಾಸ್ಕಲ್ ಎಂದು ಫ್ರೀಜ್ ಫ್ರೇಮ್ ತೋರಿಸಿತು. ಎಂಜಿನ್ ಆರಿಸಿ, ಕೀ ಮಾತ್ರ ಆನ್ ಮಾಡಿ ನೋಡಿದಾಗ ಅದೇ ಸೆನ್ಸರ್ ಹೊರಗಿನ ವಾಯುಭಾರಕ್ಕೆ ಸರಿಸಮನಾದ ಅಂಕಿಯನ್ನೇ ಕೊಟ್ಟದ್ದರಿಂದ ಸೆನ್ಸರಿನ ಮೇಲಿನ ಸಂಶಯ ಬಹುಮಟ್ಟಿಗೆ ನಿವಾರಣೆಯಾಯಿತು. ಇಲ್ಲೊಂದು ಎಚ್ಚರಿಕೆ ಅಗತ್ಯ. ಲಿಂಪ್ ಮೋಡ್‌ನಲ್ಲಿರುವಾಗ ಇಸಿಯುವೇ ಬೂಸ್ಟನ್ನು ತಗ್ಗಿಸಿರುವುದರಿಂದ, ಆಗ ಅಳೆದ ಒತ್ತಡವನ್ನು ನಂಬಿ ಟರ್ಬೊ ಕೆಟ್ಟಿದೆ ಎನ್ನಲಾಗದು. ಫ್ರೀಜ್ ಫ್ರೇಮಿನ ಅಂಕಿಗಳನ್ನು ಬರೆದಿಟ್ಟುಕೊಂಡು, ಕೋಡ್ ಅಳಿಸಿ, ಅನಂತರವೇ ಓಡಿಸಿ ನೋಡಬೇಕು. ಕೋಡ್ ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಅಳಿದುಹೋಗುತ್ತದೆ ಎಂಬುದನ್ನು ಸಾಧನ ಎಲ್ಲಿಯೂ ಎದ್ದು ಕಾಣುವಂತೆ ಹೇಳುವುದಿಲ್ಲ. ಇದು ಸಣ್ಣ ಲೋಪವಲ್ಲ.

ಕೋಡ್ ಅಳಿಸಿ ಅದೇ ಏರಿನಲ್ಲಿ ಹೋದಾಗ ಪಕ್ಕದಲ್ಲಿ ಕುಳಿತ ಮಗಳು ಅಂಕಿಗಳನ್ನು ಓದುತ್ತಾ ಹೋದಳು: 110, 121, 126. ಒತ್ತಡ ಅಲ್ಲಿಂದ ಮೇಲೇರಲೇ ಇಲ್ಲ. ಜೊತೆಗೆ ಬಾನೆಟ್ಟಿನೊಳಗಿಂದ ಉಸ್ಸೆಂಬ ಸದ್ದು. ಎಂಜಿನ್ ತಣ್ಣಗಾದ ಮೇಲೆ ಇಂಟರ್‌ಕೂಲರಿನ ಹೋಸ್ ಮೇಲೆ ಬೆರಳಾಡಿಸಿದೆ. ಕ್ಲಾಂಪಿನ ಪಕ್ಕದಲ್ಲಿ ಎಣ್ಣೆಯ ಪಸೆಗೆ ಧೂಳು ಮೆತ್ತಿ ಕಪ್ಪಗಾಗಿದ್ದ ಕಡೆ, ತಳಭಾಗದಲ್ಲಿ, ಉಗುರು ಇಳಿಯುವಷ್ಟು ಸೀಳಿತ್ತು. ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಹೋಸ್ ಬದಲಿಸಿದ ಮೇಲೆ ಅದೇ ಏರಿನಲ್ಲಿ ಒತ್ತಡ 210 ಮುಟ್ಟಿತು. ಟರ್ಬೊ ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಕೊರತೆಗಳೂ ಇವೆ. ಇಸಿಯು ಎಷ್ಟು ಬೂಸ್ಟ್ ಕೇಳಿತು ಎಂಬ ಅಂಕಿಯನ್ನು ನನ್ನ ಕಾರಿನಲ್ಲಿ ಇದು ತೋರಿಸಲಿಲ್ಲ. ಅದು ಸಿಕ್ಕಿದ್ದರೆ ಕೆಲಸ ಇನ್ನೂ ಬೇಗ ಮುಗಿಯುತ್ತಿತ್ತು. ಬಿಸಿಲಿನಲ್ಲಿ ಪರದೆ ಮಂಕಾಗುತ್ತದೆ. ಲೈವ್ ಡೇಟಾವನ್ನು ದಾಖಲಿಸಿಡುವ ಸೌಲಭ್ಯವಿಲ್ಲದ ಕಾರಣ ಓಡುವ ಕಾರಿನಲ್ಲಿ ಅಂಕಿಗಳನ್ನು ಓದಲು ಇನ್ನೊಬ್ಬರು ಇರಲೇಬೇಕು. ಚಾಲಕನೇ ಪರದೆ ನೋಡುತ್ತಾ ಓಡಿಸುವುದು ಅಪಾಯಕರ. ಒಬ್ಬರೇ ಓಡಾಡುವವರು ದಾಖಲಿಸುವ ಸೌಲಭ್ಯವಿರುವ ಸಾಧನವನ್ನೇ ಆರಿಸಿಕೊಳ್ಳಲಿ.